ಜರಿ ಬಾಗುವಷ್ಟು

ಹೋದ ತಿಂಗಳು ಕೆಳಗಿನ ಅಂಗಡಿಯಲ್ಲಿ ಕೋರಾ ಬಟ್ಟೆಯ ಬೇಲ್ ಬಿಚ್ಚಿದ್ದರು. ಗಂಜಿಯ ಹುಳಿ ವಾಸನೆ ಮೆಟ್ಟಿಲು ಹತ್ತಿ ನಮ್ಮ ಸ್ಟುಡಿಯೋದೊಳಗೇ ಬಂತು. ಕೋಯಮತ್ತೂರಿನ ಶರವಣಂಪಟ್ಟಿಯ ಈ ಪುಟ್ಟ ಜಾಗದಲ್ಲಿ ನಾವು ಮೂವರು ಕೂತು ಅಕ್ಷರ ಬಿಡಿಸುತ್ತೇವೆ, ಅಂದರೆ ಫಾಂಟ್ ಮಾಡುತ್ತೇವೆ. ಈಗ ಕೈಯಲ್ಲಿರುವುದು ಕನ್ನಡದ್ದು. ಒತ್ತಕ್ಷರಗಳನ್ನು ತಿದ್ದುತ್ತಿದ್ದ ನನಗೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರಿನ ಪಕ್ಕದ ಮನೆಯ ನೇಕಾರ ಮಾವ ಎದುರಿಗೇ ಬಂದು ಕೂತ ಹಾಗಾಯಿತು...

ನಮ್ಮದು ಮೆಟ್ಟುಪಾಳ್ಯಂ ಕಡೆಯ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಬರುತ್ತಿದ್ದುದು ಬೀದಿಗೆಲ್ಲ ನನಗೊಬ್ಬಳಿಗೇ, ಅದೂ ಮೈಸೂರಿನಲ್ಲಿ ಕಾಲೇಜಿಗೆ ಸೇರಿದ ಮೇಲೆ. ಮಾವ ರಕ್ತಸಂಬಂಧವೇನಲ್ಲ, ಎರಡು ಮನೆಗೂ ಗೋಡೆ ಒಂದೇ, ಅಷ್ಟೇ. ಮದುವೆ ಸೀರೆಯ ಸೆರಗಿನಲ್ಲಿ ಹುಡುಗಿಯ ಹೆಸರನ್ನು ಜರಿಯಲ್ಲಿ ನೇಯುವುದರಲ್ಲಿ ಅವರದು ಎತ್ತಿದ ಕೈ. ನೇಯ್ದದ್ದೆಲ್ಲ ತಮಿಳಿನಲ್ಲೇ. ತಮ್ಮ ಮಗಳ ಮದುವೆ ಗೊತ್ತಾದಾಗ ಮಾತ್ರ ನನ್ನನ್ನು ಕರೆದರು.

“ಅಮ್ಮಣಿ, ಮನೇಲಿ ಆಡೋದು ಕನ್ನಡ. ನನ್ ಮಗಳ ಹೆಸ್ರು ಮಾತ್ರ ತಮಿಳ್ ಎಳುತ್ತಲ್ಲಿ ಯಾಕೆ? ನೀ ಕನ್ನಡ ಅಕ್ಷರದಲ್ಲಿ ಬರ್ದು ಕೊಡು.”

ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಟ್ಟು ಕಾಲೇಜಿಗೆ ಹೋದೆ. ಮತ್ತೆ ಬಂದದ್ದು ಇನ್ನೇನು ಚಪ್ಪರ ಹಾಕಬೇಕು ಅನ್ನುವಾಗ. ಮಾವ ಸೀರೆ ಬಿಡಿಸಿ ಎದೆಯುಬ್ಬಿಸಿ ನಿಂತರು. ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿತ್ತು!

ಆಗಿದ್ದಿಷ್ಟು. ನಮ್ಮ ಬೀದಿಯಲ್ಲಿ ಸೀರೆಯ ಮುಖ ಕೆಳಗಿರುವಂತೆ ನೇಯುತ್ತಾರೆ. ನೇಯುವವರಿಗೆ ಕಾಣುವುದು ಹಿಂಭಾಗ. ಮಗ್ಗದ ಮೇಲೆ ಅಕ್ಷರ ಉಲ್ಟಾ ಕಂಡರೇನೇ ಸೀರೆಯಲ್ಲಿ ನೇರ. ತಮಿಳಾಗಿದ್ದರೆ ಅವರ ಬೆರಳೇ ಅದನ್ನು ನೋಡಿಕೊಳ್ಳುತ್ತಿತ್ತು. ಗೊತ್ತಿಲ್ಲದ ಅಕ್ಷರ ಕೆಟ್ಟೀತೆಂಬ ಭಯಕ್ಕೆ ಮಾವ ನನ್ನ ಹಾಳೆಯನ್ನೇ ನೋಡಿ ನೋಡಿ, ಇದ್ದದ್ದು ಇದ್ದ ಹಾಗೇ ಎಳೆ ಕೂರಿಸಿದ್ದರು. ಭಕ್ತಿ ಹೆಚ್ಚಾಗಿ ಆದ ಎಡವಟ್ಟು ಅದು.

“ಬಿಡಿ, ಕಲ್ಯಾಣಕ್ಕೆ ಬರೋರಲ್ಲಿ ಯಾರ್ ಓದ್ತಾರೆ? ಜರಿ ಮಿನುಗಿದ್ರೆ ಪೋದುಂ, ಅಷ್ಟ್ ಸಾಕು,” ಅಂದರು ಅತ್ತೆ. ಅವರು ಹೇಳಿದ್ದು ಸುಳ್ಳಲ್ಲ. ಜರಿ ಕೀಳುವಾಗ ರೇಷ್ಮೆ ಎಳೆ ಹರಿದರೆ ಸೀರೆಯೇ ಕೈಬಿಟ್ಟು ಹೋಗುತ್ತಿತ್ತು, ಇನ್ನೊಂದು ನೇಯಲು ದಿನವಿರಲಿಲ್ಲ.

ಮಾವ ಸೀರೆಯನ್ನು ಜಗಲಿಯ ಬೆಳಕಿಗೆ ತಂದರು. “ಓದೋರ್ ಇಲ್ಲಾಂತ ಮಗಳ ಹೆಸ್ರು ಉಲ್ಟಾ ಹೊದಿಸಿ ಕಳಿಸ್ಲಾ? ನಾ ನೇಯ್ದಿದ್ದು, ನಾನೇ ಕೀಳ್ತೀನಿ. ಸೂಜಿ ಕೊಡು ಅಮ್ಮಣಿ.”

ಒಂದೊಂದೇ ಜರಿ ಎಳೆ ಕಿತ್ತು, ಸೂಜಿಯಲ್ಲಿ ತಿರುಗಿ ಕೂರಿಸಿದರು. ಪಕ್ಕದಲ್ಲಿ ಕೂತ ನಾನು ರೇಷ್ಮೆ ಹರಿಯಿತೇ ಎಂದು ಪ್ರತಿ ಎಳೆಗೂ ಬಗ್ಗಿ ನೋಡುತ್ತಿದ್ದೆ. ಅವರೋ ಹಾಡು ಗುನುಗುತ್ತಿದ್ದರು! ನಾನು ಇಕ್ಕಟ್ಟಾಗಿ ಸುತ್ತಿದ್ದ ಒಂದು ತಿರುವನ್ನು ಅವರು ಸಡಿಲ ಮಾಡಿದರು. ಹಾಗಲ್ಲ ಮಾವ ಅಂದದ್ದಕ್ಕೆ, ಜರಿ ಬಾಗುವಷ್ಟೇ ಬಾಗಿಸಬೇಕು, ಮೀರಿದರೆ ಮುರಿಯುತ್ತದೆ ಅಂದರು. ನಿಜ ಹೇಳಲಾ? ಅಕ್ಷರ ಚೆನ್ನಾಯಿತು.

ರೇಷ್ಮೆ ಹರಿಯಲಿಲ್ಲ. ಹುಡುಗಿ ಅದನ್ನೇ ಉಟ್ಟು ಧಾರೆಗೆ ನಿಂತಳು. ಒಬ್ಬರೂ ಓದಲಿಲ್ಲ. ಮಾವ ಮಾತ್ರ ಬಂದವರನ್ನೆಲ್ಲ ಸೆರಗಿನ ಕಡೆ ತಿರುಗಿಸಿ ತಿರುಗಿಸಿ ನಿಲ್ಲಿಸುತ್ತಿದ್ದರು...

ಈಗ ನಮ್ಮ ಫಾಂಟಿನ ತಿರುವುಗಳೆಲ್ಲ ಆ ಅಳತೆಯವೇ. ಕೋಯಮತ್ತೂರಿನಲ್ಲಿ ಕೂತು ಕನ್ನಡ ಫಾಂಟ್ ಯಾರಿಗೆ ಮಾಡ್ತೀರಿ ಎಂದು ಕೇಳುವವರಿಗೆ ನಾನು ಚಹಾ ಕೊಟ್ಟು ಕಳಿಸುತ್ತೇನೆ. ಚೆನ್ನಾಗಿದೆ ನಮ್ಮ ಕೆಲಸ. ಜಂಬ ಅನ್ನಿ ಬೇಕಾದರೆ.

ಮೊನ್ನೆ ಒತ್ತುಗಳೂ ಮುಗಿದವು. ಧಾರಾಪುರಂನಲ್ಲಿರುವ ಮಾವನ ಮಗಳಿಗೆ ಅವಳ ಹೆಸರನ್ನು ಅಚ್ಚು ಮಾಡಿ ಕಳಿಸಿದೆ. ಅವಳಿಗೆ ಇವತ್ತಿಗೂ ಕನ್ನಡ ಓದಲು ಬಾರದು. ಫೋನ್ ಮಾಡಿದಳು.

“ಚೆಂದಾಗೈತೆ ಅಕ್ಕಾ. ಅಪ್ಪ ಇದ್ದಿದ್ರೆ ಮೊದ್ಲು ಹಾಳೆ ತಿರುಗಿಸಿ ಹಿಂದ್ಗಡೆ ನೋಡಿರೋರು.”

ಇಬ್ಬರೂ ಜೋರಾಗಿ ನಕ್ಕೆವು. ಫೋನ್ ಇಟ್ಟು ಮತ್ತೆ ಪರದೆಯ ಮುಂದೆ ಕೂತೆ. ಓದಲು ಬಾರದಿದ್ದರೂ ತಪ್ಪಾಗಬಾರದು ಎಂದು ಹಟ ಹಿಡಿಯುವ ಆ ಮನುಷ್ಯ ನನಗೆ ಈಗ ಬೇಕಿತ್ತು.