ಅವ್ವ ಕಲಿತ ಒಂದೇ ಇಂಗ್ಲಿಷ್ ಪದ

ಕುಷ್ಟಗಿ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿನಲ್ಲಿ ನಾನು, ಅವ್ವ ಕೂತಿದ್ದೆವು. ದಡೂತಿ ಆಸಾಮಿಯೊಬ್ಬ ಬಂದು, "ಅಮ್ಮಾರ, ಜರಾ ಅಡ್ಜಸ್ಟ್ ಮಾಡ್ಕೋರಿ" ಎಂದ. ಮೈಯೆಲ್ಲ ಉರಿಯಿತು.

ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ಅಪ್ಪ ಕಲಿಸಿದ ಇಂಗ್ಲಿಷ್ ಇದೊಂದೇ. ಊಟದ ಹೊತ್ತಿಗೆ ಬೀಗರು ಬಂದರೆ ಅವಳ ಪಾಲಿನ ರೊಟ್ಟಿ ಅವರ ತಾಟಿಗೆ ಹೋಗುತ್ತಿತ್ತು. "ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊ" ಅನ್ನುತ್ತಿದ್ದ. ಆಗ ಆ ಪದದ ಅರ್ಥ ಹಸಿವು. ಅಪ್ಪ ತನ್ನ ತಂಗಿಯ ಮದುವೆಗೆಂದು ಅವ್ವನ ಕೊರಳಿನ ಬೋರಮಾಳ ಬಿಚ್ಚಿಸಿಕೊಂಡಾಗಲೂ ಅದೇ ಮಾತು. ಅವನು ಮಾತ್ರ ಉಪ್ಪು ಕಡಿಮೆಯಾದ ಸಾರನ್ನೂ ಒಮ್ಮೆಯೂ ಅಡ್ಜಸ್ಟ್ ಮಾಡಿಕೊಳ್ಳಲಿಲ್ಲ.

"ಹಿಂದ ಸೀಟು ಖಾಲಿ ಅದಾವು, ಅಲ್ಲಿ ಹೋಗಿ ಕೂಡ್ರಿ!" ಎಂದು ಆ ಮನುಷ್ಯನ ಮೇಲೆ ಕೂಗಾಡಿದೆ.

ತಿರುಗಿ ನೋಡಿದರೆ, ಅವ್ವ ಆಗಲೇ ನನ್ನತ್ತ ಒತ್ತಿ ಸರಿದು ಅವನಿಗೆ ಜಾಗ ಬಿಟ್ಟಿದ್ದಳು.