ಬಸ್ಸಿಗೆ ಹಾಕಿದ ಅಂಟುವಾಳ

ವಾಷಿಂಗ್ ಸೋಡಾ ಹಾಕಿ ಬಟ್ಟೆ ಒಗೆದು ಒಗೆದು ನನ್ನ ಬೆರಳುಗಳ ಚರ್ಮ ಸುಲಿದಿತ್ತು. ಶಾಲೆಯಲ್ಲಿ ಸೀಮೆಸುಣ್ಣ ಹಿಡಿದರೂ ಉರಿ. ಶಿರಸಿಯಲ್ಲಿದ್ದ ಅಕ್ಕ ಅದನ್ನು ನೋಡಿ, ಇನ್ನು ಸೋಡಾ ಮುಟ್ಟಬೇಡ ಎಂದು ಅಂಟುವಾಳಕಾಯಿ ನೆನೆಸಿ, ಕಿವುಚಿ, ಸೋಸಿದ ನೀರನ್ನು ದೊಡ್ಡ ಡಬ್ಬಿ ತುಂಬ ಕೊಟ್ಟಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ.

ಅರ್ಧ ದಾರಿಯಲ್ಲಿ ಇಂಜಿನ್ ಕಾದು ಬಸ್ಸು ನಿಂತಿತು. ಬೇಸಿಗೆಯಾದ್ದರಿಂದ ಪಕ್ಕದ ಹಳ್ಳವೂ ಒಣಗಿತ್ತು. ಹಾವೇರಿ ಕಡೆಯ ಡ್ರೈವರ್ ನನ್ನ ಹತ್ತಿರ ಬಂದ.

“ಅಕ್ಕೋರೇ, ಡಬ್ಬ್ಯಾಗ ನೀರೈತೇನ್ರಿ?”

“ಅಂಟುವಾಳದ ನೀರು. ನೊರೆ ಬರ್ತದೆ.”

“ಯಾವ ನೀರಾದ್ರೂ ನೀರ ಅಲ್ಲೇನ್ರಿ. ಕೊಡ್ರಿ ಇತ್ಲಾಗ.”

ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೊಟ್ಟೆ. ಅವನು ರೇಡಿಯೇಟರಿಗೆ ಸುರಿದು ಇಂಜಿನ್ ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೆ ನೊರೆ ಉಕ್ಕಿ, ಬಾನೆಟ್ ಮುಚ್ಚಿ, ರಸ್ತೆಗೂ ಇಳಿಯಿತು. ಅವನು ಎರಡೂ ಕೈಯಲ್ಲಿ ಬಾಚಿ ಬಾಚಿ ಅಂಗಿಗೆ ಒರೆಸಿಕೊಂಡ. ಅಷ್ಟರಲ್ಲಿ ಒಬ್ಬ ಅಜ್ಜಿ ಬಸ್ಸಿನಿಂದ ಇಳಿದು, “ಇಷ್ಟು ಚಲೋ ನೊರೆ ಸುಮ್ನೆ ಹಾಳಾಗ್ತು” ಎನ್ನುತ್ತ ಎಲೆಯಡಿಕೆಯ ಕವಳದ ಕಲೆಯಾಗಿದ್ದ ಸೆರಗನ್ನು ಅಲ್ಲೇ ತಿಕ್ಕತೊಡಗಿದಳು.

ಕಂಡಕ್ಟರ್ ದೂರದ ಮನೆಯೊಂದರಿಂದ ಬಾವಿನೀರು ಹೊತ್ತು ತಂದ ಮೇಲೆ ಬಸ್ಸು ಹೊರಟಿತು. ಸಿದ್ದಾಪುರ ಬರುವವರೆಗೂ ಡ್ರೈವರ್ ನನ್ನತ್ತ ತಿರುಗಲಿಲ್ಲ.

ಮುಂದಿನ ವಾರ ಬಸ್ ಸ್ಟ್ಯಾಂಡಿನಲ್ಲಿ ಅವನೇ ಎದುರಾದ. ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವನು ದನಿ ತಗ್ಗಿಸಿ, “ಅಂಗಿ ಮ್ಯಾಲಿನ ಎಣ್ಣಿ ಜಿಡ್ಡೆಲ್ಲಾ ಹೋಗೇತ್ರಿ. ಆ ಕಾಯಿ ಎಲ್ಲಿ ಸಿಗತಾವಂತ ನಮ್ಮಾಕಿ ಕೇಳ್ಯಾಳ” ಎಂದ.

ಅಂಗಡಿ ತೋರಿಸಿದೆ. ಬಸ್ಸಿಗೆ ಹಾಕಬೇಡಿ ಎಂದು ಹೇಳುವ ಅಗತ್ಯ ಕಾಣಲಿಲ್ಲ.