ಕೈ ಕೊಯ್ಸಿಕೊಳ್ಳದೆ ಕಳೆದ ನಾಲ್ಕು ತಿಂಗಳು

ಮೊದಲು ಕಾಲು ಬಾತವು. ದಿನವಿಡೀ ಹೊಲಿಗೆ ಮಶೀನಿನ ಮುಂದೆ ಕೂಡುವವಳ ಕಾಲು ಬಾತುಕೊಳ್ಳದೆ ಇನ್ನೇನಾದೀತು ಎಂದು ಸುಮ್ಮನಿದ್ದೆ. ಆಮೇಲೆ ಊಟ ಸೇರದಾಯಿತು. ನಮ್ಮ ಕಾಗವಾಡದ ಡಾಕ್ಟರ್ ರಕ್ತದ ರಿಪೋರ್ಟ್ ನೋಡಿ, ಇವತ್ತೇ ಮಿರಜದ ದೊಡ್ಡ ಆಸ್ಪತ್ರೆಗೆ ಹೋಗ್ರಿ ಎಂದರು. "ನಾಳೆ ಹೋದ್ರ ನಡಿಯೂದಿಲ್ಲೇನ್ರಿ? ಎರಡು ಬ್ಲೌಸ್ ಕೊಡೋದೈತಿ" ಎಂದೆ. ಅವರು ನನ್ನನ್ನು ಬಿಟ್ಟು ನನ್ನ ಗಂಡನ ಮುಖ ನೋಡಿದರು.

ಎರಡೂ ಕಿಡ್ನಿ ಹೋಗಿದ್ದವು.

ಮಿರಜದಲ್ಲಿ ಕುತ್ತಿಗೆಗೆ ಕ್ಯಾಥೆಟರ್ ಹಾಕಿ ಡಯಾಲಿಸಿಸ್ ಶುರು ಮಾಡಿದರು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಅಲ್ಲಿಯ ಡಾಕ್ಟರ್ ಮರಾಠಿಯಲ್ಲಿ ತಿಳಿಸಿ ಹೇಳಿದರು: ಕುತ್ತಿಗೆಯ ನಳಿಕೆ ಕೆಲವೇ ವಾರಗಳ ಮಾತು, ಎಡಗೈ ಕೊಯ್ದು ಎರಡು ರಕ್ತನಾಳ ಕೂಡಿಸಿ ಫಿಸ್ಟುಲಾ ಮಾಡಬೇಕು, ಆಮೇಲೆ ಸೂಜಿ ಚುಚ್ಚುವುದು ಅಲ್ಲಿಗೇ. ಎಷ್ಟು ದಿನ ಎಂದು ಕೇಳಿದೆ.

"ಕಾಯಮ್" ಎಂದರು.

ಆ ವಾರವೇ ಅಥಣಿಯಿಂದ ಅಕ್ಕ ಬಂದಳು. ನಮ್ಮವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಅಲ್ಲಿಯ ಕ್ರೈಸ್ತ ಸಭೆಯಲ್ಲಿ ಉಪವಾಸ ಪ್ರಾರ್ಥನೆ ನಡೆಸುತ್ತಾಳೆ. ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತಳು, ಪ್ರಾರ್ಥಿಸಿದಳು, ಕಣ್ಣೊರೆಸಿಕೊಂಡು ಹೇಳಿದಳು.

"ತಂಗೀ, ದೇವರು ನನಗ ತಿಳಿಸ್ಯಾನ. ಎರಡು ತಿಂಗಳದಾಗ ಈ ಡಯಾಲಿಸಿಸ್ ಮಶೀನ್ ಬಿಡಸ್ತಾನ. ಕೈ ಕೊಯ್ಸಿಕೋಬ್ಯಾಡ. ಕೊಯ್ಸಿಕೊಂಡಿ ಅಂದ್ರ ನಂಬಿಕಿ ಇಲ್ಲ ಅಂದಂಗಾತು."

ನಾನು ತಟ್ಟನೆ ಹೂಂ ಅಂದೆ. ನನಗೆ ಬೇಕಾಗಿದ್ದ ಮಾತೂ ಅದೇ.

ನನ್ನ ಗಂಡನಿಗೆ ಸಿಟ್ಟು ಬಂತು. "ನಿಮ್ಮಕ್ಕ ದೇವರ ಜೋಡಿ ಮಾತಾಡ್ತಾಳ. ಡಾಕ್ಟರ್ ಮುಂದ ತಲಿ ತಗ್ಗಿಸಿ ನಿಲ್ಲಾಂವ ನಾ ಅದೀನಿ" ಎಂದರು. ಆಪರೇಶನ್ ಯಾವಾಗ ಎಂದು ಡಾಕ್ಟರ್ ಪ್ರತಿ ಸಲ ಕೇಳುವರು, ನಾನು ಪ್ರತಿ ಸಲ ಮುಂದಿನ ವಾರ ಎನ್ನುವೆ. ಎರಡು ತಿಂಗಳಾದವು. ಮೂರಾದವು. ನಾಲ್ಕನೆಯ ತಿಂಗಳು ಡಯಾಲಿಸಿಸ್ ನಡೆದಿದ್ದಾಗಲೇ ಚಳಿ ಹೊಕ್ಕಿತು. ಎಂಥ ನಡುಕ ಅಂತೀರಿ, ಮಂಚವೇ ಅಲುಗಾಡಿತು. ಕ್ಯಾಥೆಟರಿಗೆ ಇನ್ಫೆಕ್ಷನ್ ಆಗಿ ರಕ್ತಕ್ಕೂ ಸೇರಿತ್ತು. ಅದನ್ನು ಕಿತ್ತು ಇನ್ನೊಂದು ಬದಿಗೆ ಹೊಸದನ್ನು ಹಾಕಿದರು.

ಜ್ವರದಲ್ಲಿ ಮಲಗಿದವಳಿಗೆ ಸಂಡೇ ಸ್ಕೂಲಿನಲ್ಲಿ ವರ್ಷಗಟ್ಟಲೆ ನಾನೇ ಕಲಿಸಿದ ಹಳೇ ಒಡಂಬಡಿಕೆಯ ಪಾಠ ನೆನಪಾಯಿತು. ಯೆಹೂದ್ಯರನ್ನು ಸೆರೆಹಿಡಿದು ಬಾಬಿಲೋನಿಗೆ ಒಯ್ದಿದ್ದಾರೆ. ಒಬ್ಬ ಪ್ರವಾದಿ ಎದ್ದು, ಇನ್ನು ಎರಡೇ ವರ್ಷ, ಎಲ್ಲರೂ ತಿರುಗಿ ಬರುತ್ತಾರೆ ಎನ್ನುತ್ತಾನೆ. ಜನಕ್ಕೆ ಖುಷಿಯೋ ಖುಷಿ. ಇನ್ನೊಬ್ಬ ಮಾತ್ರ ಸೆರೆಯವರಿಗೆ ಪತ್ರ ಬರೆಯುತ್ತಾನೆ: ಇದು ಬಹಳ ಕಾಲದ್ದು, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಊರಿಗೂ ಒಳ್ಳೆಯದನ್ನೇ ಬೇಡಿಕೊಳ್ಳಿ. ಎರಡೇ ವರ್ಷ ಎಂದವನು ಸುಳ್ಳು ಪ್ರವಾದಿ. ಅವನ ಹಾಗೆ ಕೈ ಕುಣಿಸಿ ಮಾತಾಡಿ ಮಕ್ಕಳನ್ನು ನಗಿಸುತ್ತಿದ್ದೆ.

ಅವನೂ ಪ್ರೀತಿಯಿಂದಲೇ ಹೇಳಿರಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಹಾಗಾದರೆ ನನ್ನ ಅಕ್ಕ ಸುಳ್ಳು ಹೇಳಿದಳೇ? ನನಗಾಗಿ ಊಟ ಬಿಟ್ಟವಳು! ದೇವರು ಹೇಳಿದ್ದು ಯಾವುದು, ನಮ್ಮ ಆಸೆ ಹೇಳಿದ್ದು ಯಾವುದು, ಗೊತ್ತಾಗುವುದಾದರೂ ಹೇಗೆ? ಆ ಪತ್ರ ಅಂದಿನವರಿಗೆ ಬರೆದದ್ದು, ಅದನ್ನು ನನ್ನ ಕೈಗೆ ಅಂಟಿಸಿಕೊಳ್ಳುವುದು ಸರಿಯೇ? ತಲೆ ಕೆಟ್ಟುಹೋಯಿತು. ನೋಡಲು ಬಂದ ನಮ್ಮ ಪಾಸ್ಟರರನ್ನೇ ಕೇಳಿದೆ. ಅವರು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಖರೇ ಹೇಳ್ತೀನವ್ವಾ, ನನಗೂ ಪೂರಾ ತಿಳಿದಿಲ್ಲ. ಆದ್ರ ಅಲ್ಲೇ ಮನಿ ಕಟ್ಟ್ರಿ ಅಂದ ದೇವರು, ಒಂದಿನ ತಿರುಗಿ ಕರಕೊಂಡ ಬರ್ತೀನಿ ಅಂತ ಅದ ಪತ್ರದಾಗನ ಹೇಳ್ಯಾನ."

ಇದರಿಂದ ಗೊಂದಲ ಇನ್ನೂ ಹೆಚ್ಚಾಯಿತು. ಆದರೂ ಜ್ವರ ಬಿಟ್ಟ ಮೇಲೆ ಡಾಕ್ಟರಿಗೆ ಎಡಗೈ ಚಾಚಿದೆ. ನಂಬಿಕೆಯಿಂದಲ್ಲ, ಹೆದರಿಕೆಯಿಂದ. ಸುಳ್ಳು ಯಾಕೆ ಹೇಳಲಿ.

ಆಪರೇಶನ್ ಆದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಅಕ್ಕ, "ಆತು ಬಿಡು" ಎಂದಳು. ಮತ್ತೆ ಫೋನ್ ಮಾಡಲಿಲ್ಲ. ಫಿಸ್ಟುಲಾ ಬಲಿಯಲು ಆರು ವಾರ ಬೇಕಾದವು. ಅದಕ್ಕೆಂದು ಸ್ಪಂಜಿನ ಚೆಂಡು ಹಿಸುಕುತ್ತ ಕೂತವಳಿಗೆ ಕಿಡ್ನಿಗಿಂತ ಅಕ್ಕನ ಚಿಂತೆಯೇ ದೊಡ್ಡದಾಯಿತು. ತಾಯಿಯಂಥವಳನ್ನು ಕಳೆದುಕೊಂಡೆನೇನೋ.

ಫಿಸ್ಟುಲಾಕ್ಕೆ ಮೊದಲ ಸೂಜಿ ಚುಚ್ಚುವ ದಿನ ಅವಳು, ನನ್ನ ಗಂಡನಿಂದ ವಿಷಯ ತಿಳಿದು, ನನಗೆ ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದಳು. ಮಂಚದ ಪಕ್ಕ ನಿಂತು ನನ್ನ ಬಲಗೈ ಹಿಡಿದು ಕಣ್ಣು ಮುಚ್ಚಿದಳು. ಮತ್ತೆ ಎರಡು ತಿಂಗಳು ಎಂದಾಳು, ನಾನು ಬೈದುಬಿಟ್ಟೇನು ಎಂದು ಹಲ್ಲು ಕಚ್ಚಿ ಮಲಗಿದೆ.

"ಸ್ವಾಮೀ, ಇಕಿ ಕೈ ಭಾಳ ವರ್ಷ ನಡೀಲಿ. ಈ ಮಶೀನ್ ನಡಸಾವ್ರೂ ಆರಾಮ ಇರ್ಲಿ" ಎಂದಳು ಅಕ್ಕ.

ನನಗೆ ದುಃಖ ಉಕ್ಕಿ ಬಂತು. ಬೈಯಲು ಸಜ್ಜಾಗಿದ್ದರೂ, ಅಕ್ಕನಾದರೂ ನೀ ಈ ಮಶೀನ್ ಬಿಟ್ಟು ಮನಿಗೆ ತಿರುಗಿ ಬರ್ತೀ ಎಂದು ಹೇಳಲಿ ಅಂತ ನಾನು ಒಳಗೊಳಗೇ ಕಾಯುತ್ತಿದ್ದೆ. ಅದು ಗೊತ್ತಾದದ್ದು ಆಗಲೇ.

ಎರಡೂ ಸೂಜಿ ಸರಿಯಾಗಿ ಕೂತವು, ರಕ್ತ ಚೆನ್ನಾಗಿ ಹರಿಯಿತು, ದೇವರ ದಯೆ. ಅಕ್ಕನ ಆ ಪ್ರಾರ್ಥನೆಗೆ ನನಗೆ ಆಮೆನ್ ಎನ್ನಲು ಬಹಳ ಹೊತ್ತು ಬೇಕಾಯಿತು. ಅಲ್ಲಿಯವರೆಗೂ ಅಕ್ಕ ಕೈ ಬಿಡಲಿಲ್ಲ.